ಕಟ್ಟಪ್ಪನ ಪ್ರಶ್ನೆ ಮುಗಿಯಿತು, ಬಾಳ್ಯಾನದು ಮುಗಿದಿಲ್ಲ

ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅಂತ ಈಗ ಯಾರಾದರೂ ಕೇಳ್ತಾರಾ? 2015ರ ಜುಲೈ 10ಕ್ಕೆ 'ಬಾಹುಬಲಿ' ಸಿನಿಮಾದ ಮೊದಲ ಭಾಗ ಬಂತು. ಎರಡನೆಯದು ಬಂದಿದ್ದು 2017ರ ಏಪ್ರಿಲ್ 28ಕ್ಕೆ. ನಡುವಿನ ಆ ಹತ್ತಿರ ಹತ್ತಿರ ಎರಡು ವರ್ಷ ಆಫೀಸು, ರೈಲು, ಮದುವೆಮನೆ ಎಲ್ಲ ಕಡೆ ಇದೊಂದೇ ಮಾತು. ನಾನಿರುವ ಪುಣೆಯಲ್ಲೂ ಅಷ್ಟೇ. ಕೊನೆಗೆ ಎರಡನೇ ಭಾಗದ ಮೊದಲ ಆಟ ಬಿಟ್ಟಿತು, ಉತ್ತರ ಹೊರಗೆ ಬಿತ್ತು. ರಾಜಮಾತೆ ಶಿವಗಾಮಿ ಅಪ್ಪಣೆ ಕೊಟ್ಟಳು, ಸಿಂಹಾಸನದ ಗುಲಾಮ ಕತ್ತಿ ಹಿಡಿದ. ಮುಗೀತು. ಮರುವಾರ ಆ ಪ್ರಶ್ನೆಯನ್ನು ಯಾರೂ ಮೂಸಿ ನೋಡಲಿಲ್ಲ.

ನಮ್ಮ ಹುಬ್ಬಳ್ಳಿ ಕಡೆ ಇಂಥದ್ದೇ ಇನ್ನೊಂದು ಪ್ರಶ್ನೆ ಇದೆ. ಬಾಳ್ಯಾ ತನ್ನ ಗೆಳೆಯ ಸಂಗ್ಯಾನಿಗೆ ಯಾಕೆ ಎರಡು ಬಗೆದ? ಸಂಗ್ಯಾ ಬಾಳ್ಯಾ ಸಣ್ಣಾಟ, ಅಂದರೆ ಹಾಡಿಕೊಂಡು ಆಡುವ ಹಳ್ಳಿಯ ನಾಟಕ, ನೋಡಲು ಕೂತವರಿಗೆಲ್ಲ ಮೊದಲ ಪದ ಹಾಡುವ ಮೊದಲೇ ಕಥೆ ಗೊತ್ತಿರುತ್ತದೆ. ಸಂಗ್ಯಾ ಈರಣ್ಣನ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಬಾಳ್ಯಾ ಅವನಿಗೆ ಒತ್ತಾಸೆಯಾಗಿ ನಿಲ್ಲುತ್ತಾನೆ. ಆಮೇಲೆ ಅದೇ ಬಾಳ್ಯಾ ಈರಣ್ಣನ ಕಡೆ ಸೇರುತ್ತಾನೆ, ಸಂಗ್ಯಾ ಕೊಲೆಯಾಗುತ್ತಾನೆ. ಬೈಲಹೊಂಗಲ ಸೀಮೆಯಲ್ಲಿ ನಿಜವಾಗಿ ನಡೆದದ್ದು ಅಂತ ಹೇಳುತ್ತಾರೆ. ಕೊಂದವರು ಯಾರು, ಸತ್ತವರು ಯಾರು, ಯಾವುದೂ ಗುಟ್ಟಲ್ಲ. ಆದರೂ ಆಟ ಮುಗಿಸಿ ಎದ್ದವರು ಮನೆಗೆ ಹೋಗುವ ದಾರಿಯಲ್ಲಿ ಕೇಳುವುದು ಅದನ್ನೇ. "ಬಾಳ್ಯಾ ಅಂಜಿದ್ನೋ, ರೊಕ್ಕಕ್ಕ ಬಾಯಿ ಬಿಟ್ನೋ?" ಒಬ್ಬ ಅಂಜಿದ ಅಂತಾನೆ. ಇನ್ನೊಬ್ಬ, ಅಲ್ಲ, ಅವನಿಗೆ ಒಳಗೊಳಗೇ ಹೊಟ್ಟೆಕಿಚ್ಚಿತ್ತು ಅಂತಾನೆ. ಎಷ್ಟು ತಲೆಮಾರಿನಿಂದ ಕೇಳ್ತಿದ್ದಾರೋ ಏನೋ.

ಈ ಎರಡು ಪ್ರಶ್ನೆಗಳ ನಡುವಿನ ಅಂತರ ನನಗೆ ಹುಬ್ಬಳ್ಳಿಯಲ್ಲಿದ್ದಾಗ ಕಂಡಿರಲಿಲ್ಲ. ಪುಣೆಗೆ ಬಂದ ಮೇಲೆ ಕಂಡಿತು.

ಪುಣೆ ಸಿನಿಮಾ ಓದಿದ ಊರು. 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು ಇಲ್ಲಿ, 1964ರಲ್ಲಿ ಫಿಲ್ಮ್ ಆರ್ಕೈವ್ ಆದದ್ದೂ ಇಲ್ಲಿ. ನಮ್ಮ ಗಿರೀಶ ಕಾಸರವಳ್ಳಿ ಕಲಿತದ್ದು, ಧಾರವಾಡದ ಗಿರೀಶ ಕಾರ್ನಾಡರು ನಿರ್ದೇಶಕರ ಕುರ್ಚಿಯಲ್ಲಿ ಕೂತದ್ದು ಇದೇ ಇನ್‌ಸ್ಟಿಟ್ಯೂಟಿನಲ್ಲಿ. ಇಲ್ಲಿಯ ಮಂದಿ ಸಿನಿಮಾವನ್ನು ಸದ್ದಿಲ್ಲದೆ ನೋಡುತ್ತಾರೆ. ಹೆಸರುಗಳ ಪಟ್ಟಿ ಪೂರ್ತಿ ಓದಿಯೇ ಏಳುತ್ತಾರೆ. ಆಮೇಲೆ ನಿರ್ದೇಶಕ ಬಂದಿದ್ದರೆ ಮೈಕು ತಿರುಗುತ್ತದೆ. "ನನ್ನ ಪ್ರಶ್ನೆಯಲ್ಲಿ ಮೂರು ಭಾಗ ಇವೆ" ಅಂತ ಒಬ್ಬರು ಏಳುತ್ತಾರೆ. ಮೂರನೇ ಭಾಗ ಬರುವ ಹೊತ್ತಿಗೆ ಆ ನಿರ್ದೇಶಕನ ಮುಖ ನೋಡಬೇಕು, ಪಾಪ. ಆದರೂ ಈ ಶಿಸ್ತು ನನಗೆ ಸೇರುತ್ತದೆ. ಸುಳ್ಳು ಯಾಕೆ ಹೇಳಲಿ, ಸಿನಿಮಾದಲ್ಲಿ ಬೆಳಕು, ಶಬ್ದ ಅಂತ ಗಮನಿಸುವುದನ್ನು ಕಲಿತದ್ದೇ ಇಲ್ಲಿ.

ಆದರೆ ಇಲ್ಲಿ ಪ್ರಶ್ನೆ ಹೋಗುವುದು ಗೊತ್ತಿರುವವರ ಹತ್ತಿರ. ನಿರ್ದೇಶಕ ಸಿಕ್ಕರೆ ನಿರ್ದೇಶಕ, ಇಲ್ಲದಿದ್ದರೆ ವಿಮರ್ಶಕ, ಅವರೂ ಇಲ್ಲದಿದ್ದರೆ ಮೊಬೈಲು. ಪಾರ್ಕಿಂಗಿನಲ್ಲಿ ಗಾಡಿ ತೆಗೆಯುವ ಮೊದಲೇ ಕ್ಲೈಮ್ಯಾಕ್ಸಿನ ಅರ್ಥ ಏನು ಅಂತ ಯಾರೋ ಮಾಡಿದ ಹತ್ತು ನಿಮಿಷದ ವಿಡಿಯೊ ಓಡುತ್ತಿರುತ್ತದೆ.

ಹುಬ್ಬಳ್ಳಿಯ ನಮ್ಮ ಸುಧಾ, ಅಪ್ಸರಾ ಟಾಕೀಜುಗಳಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ಗೊತ್ತು, ಅಲ್ಲಿ ಪ್ರಶ್ನೆ ಸಿನಿಮಾ ಮುಗಿಯುವ ತನಕ ಕಾಯುತ್ತಿರಲಿಲ್ಲ. ಹೀರೋ ಮನೆಗೆ ಬಂದು ಅವ್ವನ ಮುಂದೆ ಸುಳ್ಳು ಹೇಳಿದ ಅನ್ನಿ. ಹಿಂದಿನ ಸಾಲಿನಿಂದ "ಇಂವಾ ಯಾಕ ಸುಳ್ಳ ಹೇಳಾಕತ್ತಾನ?" ಅಂತ ಬರುತ್ತಿತ್ತು. ಎರಡು ಸಾಲು ಮುಂದೆ ಕೂತ, ಗುರುತು ಪರಿಚಯ ಇಲ್ಲದ ಯಾರೋ ಹಿರಿಯರು ತಿರುಗಿ, "ತಂಗಿ ಮದುವಿ ಮುರೀತೈತೆಲ್ಲಪಾ, ಅದಕ್ಕ" ಅಂತ ಸಮಾಧಾನ ಮಾಡುತ್ತಿದ್ದರು. ಮೂರನೆಯವ, "ಹಂಗಂತ ಹೆತ್ತವ್ವಗ ಹೇಳೂದೇನ್ರಿ?" ಇಂಟರ್ವಲ್ಲಿನಲ್ಲಿ ಮಿರ್ಚಿ ತಿನ್ನುವಾಗಲೂ ಅದೇ ನಡೆಯುತ್ತಿತ್ತು. ನಿರ್ದೇಶಕ ಏನು ಹೇಳಲು ಹೊರಟಿದ್ದ ಅನ್ನುವುದು ಯಾರ ತಲೆಗೂ ಬರುತ್ತಿರಲಿಲ್ಲ. ಮನುಷ್ಯ ಆದವನು ಹಾಗೆ ಮಾಡಬಹುದೇ ಅನ್ನುವುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಯಾವ ಇನ್‌ಸ್ಟಿಟ್ಯೂಟೂ ಬೇಡ, ಅವ್ವ ಇದ್ದವರೆಲ್ಲ ಹೇಳಬಹುದು.

ಇದು ಟಾಕೀಜಿನಲ್ಲಿ ಶುರುವಾದ ಚಾಳಿ ಅಲ್ಲ ಅಂತ ನನ್ನ ಗುಮಾನಿ. ಪುರಾಣದ ಕಥೆ ಆಡುವ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ಎದುರು ನಿಲ್ಲುತ್ತಾನೆ. ಯಾರು ತಾವು, ಯಾವ ಊರು, ಬಂದ ಕಾರಣವೇನು ಅಂತ ವಿಚಾರಿಸುತ್ತಾನೆ. ಎಂಥ ಚಕ್ರವರ್ತಿಯಾದರೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಅಪ್ಸರಾ ಟಾಕೀಜಿನ ಹಿಂದಿನ ಸಾಲಿನವನು ಆ ಸಾರಥಿಯ ವಂಶದವನೇ ಇರಬೇಕು.

2018ರ ಅಕ್ಟೋಬರ್‌ನಲ್ಲಿ 'ಅಂಧಾಧುನ್' ಬಂತು. ಶ್ರೀರಾಮ್ ರಾಘವನ್ ಅವರದ್ದು, ಅವರೂ ಇದೇ ಇನ್‌ಸ್ಟಿಟ್ಯೂಟಿನವರು. ಕಥೆ ನಡೆಯುವುದು ಪುಣೆಯಲ್ಲೇ ಆದ್ದರಿಂದ ನಮ್ಮ ಆಫೀಸಿನವರಿಗೆ ಅದು ಮನೆಯ ಸಿನಿಮಾ. ನೋಡದವರು ಈ ಪ್ಯಾರಾ ಬಿಟ್ಟು ಮುಂದಿನದಕ್ಕೂ ಹೋಗಬೇಡಿ, ಅದರ ಮುಂದಿನದಕ್ಕೆ ಹೋಗಿ. ಪಿಯಾನೊ ನುಡಿಸುವ ಆಕಾಶ್ ಕುರುಡನಂತೆ ನಟಿಸುತ್ತಾನೆ, ಆಮೇಲೆ ನಿಜವಾಗಿಯೂ ಕಣ್ಣು ಕಳೆದುಕೊಳ್ಳುತ್ತಾನೆ. ಕೊನೆಯಲ್ಲಿ ಯುರೋಪಿನ ಒಂದು ಊರಲ್ಲಿ ಗೆಳತಿಗೆ ತನ್ನ ಕಥೆಯನ್ನೆಲ್ಲ ಹೇಳಿ ಎದ್ದು ಹೊರಡುತ್ತಾನೆ. ದಾರಿಯಲ್ಲಿ ಬಿದ್ದ ಡಬ್ಬಿಯೊಂದನ್ನು ಕೋಲಿನಿಂದ ಸರಿಯಾಗಿ ಗುರಿಯಿಟ್ಟು ಹೊಡೆಯುತ್ತಾನೆ. ಹಾಗಾದರೆ ಕಣ್ಣು ಕಾಣುತ್ತಾ? ಯಾರ ಕಣ್ಣು ಅವು? ಹೇಳಿದ ಕಥೆಯಲ್ಲಿ ಎಷ್ಟು ಸುಳ್ಳು? ನಮ್ಮ ಮೀಟಿಂಗ್ ರೂಮಿನ ಬಿಳಿ ಬೋರ್ಡಿನ ಮೇಲೆ ಒಬ್ಬ ಮೂರು ಬಣ್ಣದ ಪೆನ್ನಿನಲ್ಲಿ ಪುರಾವೆ ಬರೆದ. ಕೋಲಿನ ಹಿಡಿಯಲ್ಲಿ ಮೊಲದ ತಲೆ, ಅದರಿಂದ ಒಂದು ಬಾಣ. ಹೊಲದಲ್ಲಿ ಓಡಿದ ಮೊಲ, ಅದರಿಂದ ಇನ್ನೊಂದು ಬಾಣ. ಅದನ್ನು ಅಳಿಸಬಾರದು ಅಂತ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದ. ವಾರದ ಕೆಲಸದ ಪಟ್ಟಿಯನ್ನು ಮೊಲದ ಪಕ್ಕ ಉಳಿದ ಜಾಗದಲ್ಲಿ ಬರೆದುಕೊಂಡೆವು.

ಅದೇ ಸಿನಿಮಾವನ್ನು ಹುಬ್ಬಳ್ಳಿಯಲ್ಲಿ ನಮ್ಮ ಮೌಶಿ, ಅಂದರೆ ಚಿಕ್ಕಮ್ಮ, ಟಿವಿಯಲ್ಲಿ ನೋಡಿದಳು. ಶೇಂಗಾ ಒಡೆಯುತ್ತಾ ಪೂರ್ತಿ ನೋಡಿದಳು. ನಾನು ಮೊಲದ ವಿಷಯ ತೆಗೆದೆ. ಅವಳಿಗೆ ಬೇಕಾಗಿದ್ದು ಬೆಕ್ಕಿನ ವಿಷಯ. "ಅಂವಾ ಮನಿ ಬಿಟ್ಟ ಹೋದಾ. ಆ ಬೆಕ್ಕಿಗೆ ಹಾಲ ಯಾರ ಹಾಕಿದ್ರೋ?" ಅಂದಳು. ಆಕಾಶನ ಮನೆಯಲ್ಲಿ ರಾಣಿ ಅಂತ ಒಂದು ಬೆಕ್ಕಿದೆ. ಬೋರ್ಡ್ ತುಂಬ ಬಾಣ ಬಿಟ್ಟ ನಮಗೆ ಯಾರಿಗೂ ಅದರ ನೆನಪೇ ಬಂದಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ, ಸಿಪ್ಪೆ ಮೊರಕ್ಕೆ ಹಾಕುತ್ತಾ, "ಕಣ್ಣ ಇದ್ದಂವಾ ಕುರುಡನಂಗ ಮಾಡ್ಯಾನಂದ್ರ, ಕೈ ಹಿಡದ ರಸ್ತೆ ದಾಟಿಸಿದ ಮಂದಿ ಎಷ್ಟ ಇರಬೇಕು. ಅವರಿಗೆ ಏನಂತ ಮುಖಾ ತೋರಸ್ತಾನ ಇಂವಾ?" ಕೊನೆಯಲ್ಲಿ ಅವನಿಗೆ ಕಣ್ಣು ಕಾಣುತ್ತದೋ ಇಲ್ಲವೋ, ಮೌಶಿಯ ಈ ಪ್ರಶ್ನೆ ಹಾಗೇ ಉಳಿಯುತ್ತದೆ. ಮೊಲದ ಪ್ರಶ್ನೆಗೆ ನಿರ್ದೇಶಕರು ಎಂದಾದರೂ ಒಂದು ಉತ್ತರ ಹೇಳಿಬಿಟ್ಟರೆ ನಮ್ಮ ಬೋರ್ಡ್ ಖಾಲಿ.

ಹೊರನಾಡಿನಲ್ಲಿ ಇರುವವನಿಗೆ ಇನ್ನೊಂದು ಪೇಚು. ಕನ್ನಡ ಸಿನಿಮಾವೊಂದು ದೇಶದ ತುಂಬ ಓಡಿದರೆ ಅದರ ಪ್ರಶ್ನೆಗಳಿಗೆಲ್ಲ ನೀವೇ ಜವಾಬ್ದಾರಿ. 2018ರ ಡಿಸೆಂಬರ್‌ನಲ್ಲಿ 'ಕೆಜಿಎಫ್' ಬಂದಾಗ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಕೇಳಿದವರೇ ಕೇಳಿದವರು, ಅದೆಲ್ಲ ನಿಜವಾಗಿ ನಡೆದದ್ದಾ ಅಂತ. ಗಣಿ ನಿಜ, ಬ್ರಿಟಿಷರ ಕಾಲದಿಂದ ನಡೆದು 2001ರಲ್ಲಿ ಮುಚ್ಚಿತು, ನಾಯಕ ರಾಕಿ ಕಟ್ಟುಕಥೆ ಅಂತ ಹೇಳಿ ಹೇಳಿ ಸಾಕಾಯಿತು. 2022ರಲ್ಲಿ 'ಕಾಂತಾರ'. ಕೊನೆಗೆ ನಾಯಕ ಶಿವ ಎಲ್ಲಿ ಹೋದ, ದೈವ ಅಂದರೆ ಏನು? ನಾನು ಹುಬ್ಬಳ್ಳಿಯವನು ಮಾರಾಯ್ರೇ, ಭೂತಕೋಲ ನನಗೂ ನಿಮ್ಮಷ್ಟೇ ಗೊತ್ತು ಅಂದರೆ ನಂಬುವುದಿಲ್ಲ. ಊರಿಗೆ ಹೋದಾಗ ಕಾಕಾನ ಹತ್ತಿರ ಇದನ್ನೇ ಕೇಳಿದೆ. ಕಾಕಾ ತುಳುನಾಡು ಕಂಡವನಲ್ಲ. ಆದರೆ ನಮ್ಮೂರ ದ್ಯಾಮವ್ವನ ಜಾತ್ರೆಯಲ್ಲಿ ಮೈದುಂಬಿದವರನ್ನು ಕಂಡವನು. "ಮೈಯಾಗ ದೇವರ ಬಂದಂವಾ ಎಲ್ಲಿ ಹೋದಾ ಅಂತ ಕೇಳಬಾರದು. ದೇವರು ಎಲ್ಲಿ ಹೋತು ಅಂತ ಕೇಳು" ಅಂದ. ಆ ಕಡೆಯವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಲಿಫ್ಟಿನಲ್ಲಿ ನಾನು ಈಗ ಕಾಕಾನ ಉತ್ತರವನ್ನೇ ಹೇಳುತ್ತೇನೆ.

ಊರಿನವರದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಬೆಳಗಿನ ಆಟ ನೋಡಿ ಬಂದು ದುರ್ಗದಬೈಲಿನಲ್ಲಿ ಗಿರಮಿಟ್ಟು ತಿನ್ನುತ್ತಾ ಕೊಲೆ ಮಾಡಿದವನ ಹೆಸರು ಕೂಗಿ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಯಾರ ದನಿ ಜೋರೋ ಅವರದ್ದೇ ತೀರ್ಪು. ಸೀರಿಯಲ್ ವಿಷಯದಲ್ಲಂತೂ ನಮ್ಮ ಮನೆಯವರು ಸ್ವಲ್ಪ ಪುಣೆಯವರ ಹಾಗೆ ಹಿಂದಿನ ಕಾರಣ ಹುಡುಕಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಮೈದುನನ ಪಾತ್ರ ಒಮ್ಮೆಲೇ ಓದಲು ಫಾರಿನ್ನಿಗೆ ಹೋಗಿ ಆರು ತಿಂಗಳಾದರೂ ಒಂದು ಫೋನೂ ಮಾಡಿಲ್ಲ ಅಂತ ಮೌಶಿ ಕೊರಗುತ್ತಾಳೆ. ಆ ನಟನಿಗೆ ಸಿನಿಮಾ ಸಿಕ್ಕಿರಬಹುದು, ಡೇಟು ಹೊಂದಿರಲಿಕ್ಕಿಲ್ಲ. ದಿನಾ ಬರುವ ಧಾರಾವಾಹಿಯ ಎಪಿಸೋಡುಗಳನ್ನು ಜಾಸ್ತಿ ಮುಂಚೆ ಶೂಟ್ ಮಾಡಿ ಇಟ್ಟಿರುವುದಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕ ಇಳಿದರೆ ಕಥೆ ತಿರುಗುತ್ತದೆ, ಸತ್ತವರು ಎದ್ದು ಬರುತ್ತಾರೆ. ಹೋದ ವಾರ ಅಷ್ಟು ಒಳ್ಳೆಯವಳಾಗಿದ್ದ ಅತ್ತೆ ಈ ವಾರ ಯಾಕೆ ಹೀಗಾದಳು ಅನ್ನುವುದಕ್ಕೆ ಆ ಅತ್ತೆಯ ಮನಸ್ಸಿನೊಳಗೆ ಹುಡುಕಿದರೆ ಏನೂ ಸಿಗುವುದಿಲ್ಲ. ಇದನ್ನೆಲ್ಲ ಮೌಶಿಗೆ ಬಿಡಿಸಿ ಹೇಳಿದೆ. "ಇರವಲ್ದ್ಯಾಕ, ಫೋನ್ ಮಾಡಬಹುದಿತ್ತು" ಅಂದಳು.

ಅವಳ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನ ಹತ್ತಿರವೂ ಒಳ್ಳೆಯ ಉತ್ತರ ಇಲ್ಲ. ಶ್ರೀಮಂತರ ಮನೆಯ ಕಥೆಯಲ್ಲಿ ನಮ್ಮ ಹಾಗೆ ಮಾತಾಡುವವರು ಯಾಕೆ ಬಹಳ ಸಲ ಅಡುಗೆಯವರೋ, ನಗಿಸುವವರೋ ಆಗಿರುತ್ತಾರೆ? ಹುಬ್ಬಳ್ಳಿಯಲ್ಲಿ ಬಂಗಲೆ ಇಲ್ವಾ? ನಮ್ಮ ಕಡೆ ಅತ್ತೆ ಸೊಸೆ ಜಗಳ ಆಡಲ್ವಾ?

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಬಾಹುಬಲಿಯ ಲಾಭ ಕಂಡ ಮೇಲೆ ಪ್ರಶ್ನೆ ಒಂದು ವ್ಯಾಪಾರವಾಯಿತು. ಕೆಜಿಎಫ್‌ನ ಎರಡನೇ ಭಾಗ ಬಂದದ್ದು 2022ರ ಏಪ್ರಿಲ್‌ಗೆ. 'ಪುಷ್ಪ' 2021ರ ಡಿಸೆಂಬರ್‌ಗೆ ಬಂದರೆ ಮುಂದಿನ ಭಾಗ 2024ರ ಡಿಸೆಂಬರ್‌ಗೆ. ಹಿಂದೆ ಇಂಟರ್ವಲ್ಲಿಗೆ ಇಡುತ್ತಿದ್ದ ಕೊಕ್ಕೆಯನ್ನು ಈಗ ಸಿನಿಮಾದ ಕೊನೆಗೆ ಇಡುತ್ತಾರೆ. ಚಹಾ ಕುಡಿದು ಬಂದರೆ ಸಿಗುತ್ತಿದ್ದ ಉತ್ತರಕ್ಕೆ ಮೂರು ವರ್ಷ ಕಾಯಬೇಕು, ಮತ್ತೆ ಟಿಕೆಟ್ ತೆಗೆಯಬೇಕು. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ನಮ್ಮ ತಲೆಯಲ್ಲಿ ಜಾಗ ಹಿಡಿದಿಡುತ್ತಾರೆ. ಈ ಸಿನಿಮಾಗಳು ಕೆಟ್ಟವು ಅಂತಲ್ಲ, ನಾನೂ ಶಿಳ್ಳೆ ಹೊಡೆದು ನೋಡಿದ್ದೇನೆ. ಆದರೆ ಇಲ್ಲಿ ನಮ್ಮಿಂದ ಮುಚ್ಚಿಟ್ಟಿರುವುದು ಬರೀ ಮಾಹಿತಿ. ಮಾಹಿತಿ ಸಿಕ್ಕಿತು, ಮಾತು ನಿಂತಿತು.

ಇದಕ್ಕೆ ಹೊರತಾದವು ಕನ್ನಡದಲ್ಲೇ ಇವೆ. 2014ರ 'ಉಳಿದವರು ಕಂಡಂತೆ' ಒಂದೇ ಘಟನೆಯನ್ನು ಬೇರೆ ಬೇರೆಯವರ ಬಾಯಿಂದ ಹೇಳಿಸಿ, ಯಾರದು ನಿಜ ಅನ್ನುವುದನ್ನು ನಮಗೇ ಬಿಟ್ಟಿತು. ಅದಕ್ಕೂ ಒಂದು ವರ್ಷ ಮೊದಲು ಪವನ್ ಕುಮಾರ್ ಪ್ರೇಕ್ಷಕರಿಂದಲೇ ದುಡ್ಡು ಕೂಡಿಸಿ 'ಲೂಸಿಯಾ' ಮಾಡಿದ್ದರು. ಅದರಲ್ಲಿ ಟಾಕೀಜಿನಲ್ಲಿ ಟಾರ್ಚ್ ಬಿಡುವ ಹುಡುಗನ ಬದುಕು ಬಣ್ಣದಲ್ಲಿದೆ, ಸಿನಿಮಾ ತಾರೆಯ ಬದುಕು ಕಪ್ಪು ಬಿಳುಪಿನಲ್ಲಿದೆ. ಎರಡರಲ್ಲಿ ಕನಸು ಯಾವುದು ಅನ್ನುವುದಕ್ಕೆ ಸಿನಿಮಾವೇ ಉತ್ತರ ಕೊಡುತ್ತದೆ. ಕೊಟ್ಟ ಮೇಲೂ, ಅಷ್ಟೆಲ್ಲ ಇದ್ದವನಿಗೆ ಇಂಥ ಕನಸು ಯಾಕೆ ಬೇಕಾಯಿತು ಅಂತ ತಲೆ ಕೆಡುತ್ತದೆ.

ಕಳೆದ ಸಲ ಹೋದಾಗ ಅಕ್ಕನ ಮಗನಿಗೆ 'ಲೂಸಿಯಾ' ನೋಡಲೇಬೇಕು ಅಂತ ಹೇಳಿದೆ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆವು. "ಕಥಿ ಗೊತ್ತೈತಿ ಮಾಮಾ. ಅದರ ಮ್ಯಾಲೆ ವಿಡಿಯೊ ಬಂದೈತಿ, ನೋಡೀನಿ" ಅಂದ. ಸಿನಿಮಾ ನೋಡಿದ್ದೀಯಾ ಅಂದೆ. ಇಲ್ಲ. ಕನಸು ಯಾವುದು, ನಿಜ ಯಾವುದು ಅಂತ ಪಟಪಟ ಹೇಳಿದ, ಎಲ್ಲ ಸರಿಯಾಗಿತ್ತು. ಹಾಗಾದರೆ ಆ ಸಿನಿಮಾ ತಾರೆ ಯಾಕೆ ಟಾರ್ಚ್ ಬಿಡುವ ಕೆಲಸವನ್ನೇ ಕನಸು ಕಂಡ ಅಂತ ಕೇಳಿದೆ. ಅವನು ಫೋನು ತೆಗೆದ. ನವಲೂರು ದಾಟುವಾಗ ನೆಟ್‌ವರ್ಕ್ ಹೋಗಿತ್ತು. ಸ್ವಲ್ಪ ಹೊತ್ತು ಸುಮ್ನೆ ಕೂತು, "ಅಲ್ಲಿ ಕತ್ತಲಾಗ ಇವನ್ನ ಯಾರೂ ನೋಡಂಗಿಲ್ಲಲ್ಲ ಮಾಮಾ, ಅದಕ್ಕಿರಬೇಕು" ಅಂದ. ಮುಂದಿನ ಸೀಟಿನಲ್ಲಿದ್ದ ಒಬ್ಬರು, ಯಾರೋ ಏನೋ, ತಿರುಗಿ, "ಯಾವ ಸಿನಿಮಾ ರೀ ಅದು?" ಅಂತ ಕೇಳಿದರು.