ನಾವು ಬೇರೆ ಮಾಡೋದು, ಅವರು ಬೆರೆಸೋದು

“ಹಾಲಿನ ಕವರ್ ತೊಳೆದು ಒಣಗಿಸಿ ಕೊಡಿ ಮೇಡಂ, ಇಲ್ಲಾಂದ್ರೆ ಫೈನ್ ಬೀಳುತ್ತೆ.” ಕಸದ ಮೇಸ್ತ್ರಿ ನಮಗೆ ಕೊಡುವ ಉಪದೇಶ ಇದು. ತೊಳೆಯುತ್ತೇವಪ್ಪ. ಬೆಂಗಳೂರಿನಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಏರಿಯಾದಲ್ಲೂ ತೊಳೆದು, ಕ್ಲಿಪ್ ಹಾಕಿ ಬಟ್ಟೆ ತಂತಿಗೆ ನೇತು ಹಾಕುತ್ತೇವೆ. ಆಮೇಲೆ ಅದರ ಗತಿ ಏನಾಗುತ್ತದೆ ಅಂತ ಒಂದು ಸಲ ಗಾಡಿ ಹಿಂದೆ ನಾಲ್ಕು ಹೆಜ್ಜೆ ಹೋಗಿ ನೋಡಿ.

ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಅವರ ಡೈಪರನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ, ಕೆಂಪು ಬುಟ್ಟಿಯಲ್ಲಿ ಬೇರೆಯೇ ಇಡುತ್ತೇನೆ. (ಸುತ್ತಿ ಬಿಸಾಡಲು ಡೈಪರ್ ಕಂಪನಿಗಳೇ ಪ್ಯಾಕೆಟ್ ಜೊತೆ ಕವರ್ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ನಾನು ತರುವ ಪ್ಯಾಕೆಟ್ಟಿನಲ್ಲಂತೂ ಕಂಡಿಲ್ಲ. ಹೋಗಲಿ ಬಿಡಿ.) ಆ ಪೊಟ್ಟಣ ಗಾಡಿಯಲ್ಲಿ ಬೀಳುವುದು ಎಲ್ಲಿ ಗೊತ್ತಾ? ಹಸಿ ಕಸದ ಮೇಲೆ. ಕೆಳಗೆ ಬೂದುಗುಂಬಳದ ಸಿಪ್ಪೆ, ಹಳಸಿದ ಅನ್ನ, ಯಾರೋ ಜಗಿದು ಉಗಿದ ನುಗ್ಗೆಕಾಯಿ. ಮೇಲೆ ಕೆಂಪು ಗುರುತಿನ ಪೊಟ್ಟಣ. ಅದರ ಮೇಲೆ ನಾನು ತೊಳೆದು ಕೊಟ್ಟ ಹಾಲಿನ ಕವರ್! ಕೇಳಿದರೆ ಡ್ರೈವರ್ ಹುಡುಗ, “ಅಕ್ಕಾ, ಡಬ್ಬ ಒಂದೇ ಇರೋದು, ನಾನೇನ್ ಮಾಡ್ಲಿ?” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಕೈಗೆ ಗ್ಲೌಸ್ ಕೂಡ ಇಲ್ಲದೆ ಅದನ್ನೆಲ್ಲ ಎತ್ತುತ್ತಿದ್ದ. ಒಂದೇ ಡಬ್ಬದ ಗಾಡಿ ಕೊಟ್ಟು ಮೂರು ಬಗೆಯ ಕಸ ತಾ ಅಂತ ಕಳಿಸಿದವರ ಮೇಲೆ ಸಿಟ್ಟು.

2016ರ ಆ ನಿಯಮ ಓದಿದರೆ ಇನ್ನೂ ಮೈ ಉರಿಯುತ್ತದೆ. ಕೊಳೆಯದ, ಉರಿಯದ, ಮತ್ತೆ ಯಾವ ಬಳಕೆಗೂ ಬಾರದ ಕಸ, ಮತ್ತೆ ಸಂಸ್ಕರಣೆ ಆಗಿ ಉಳಿದ ಚರಟ, ಇಷ್ಟೇ ಲ್ಯಾಂಡ್‌ಫಿಲ್‌ಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೋಗಬೇಕಿತ್ತು. ಕೆಜಿಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಜಾಸ್ತಿ ಶಾಖ ಕೊಡುವ, ಮರುಬಳಕೆ ಆಗದ ಕಸವನ್ನು ಹೂಳುವ ಹಾಗೇ ಇರಲಿಲ್ಲ, ಇಂಧನಕ್ಕೆ ಬಳಸಬೇಕಿತ್ತು. ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವ್ಯಾಟ್ ಕರೆಂಟ್ ಮಾಡಲು ಘಟಕವನ್ನೇ ಕಟ್ಟಿದ್ದಾರೆ. ಸಾಂಬಾರಿನಲ್ಲಿ ನೆನೆದ ಪ್ಲಾಸ್ಟಿಕ್ ಸರಿಯಾಗಿ ಉರಿಯುತ್ತಾ? ಡೈಪರ್ ಬೆರೆತ ಸಿಪ್ಪೆ ಗೊಬ್ಬರ ಆಗುತ್ತಾ? ಎರಡೂ ಇಲ್ಲ. ಕೊನೆಗೆ ಊರಾಚೆ ಕಸ ಸುರಿಯುವ ಹಳೇ ಕಲ್ಲು ಕ್ವಾರಿಯೇ ಗತಿ.

ಆ ಕ್ವಾರಿ ನಮ್ಮ ಮನೆ ಪಕ್ಕ ಇಲ್ಲವಲ್ಲ, ನಮಗೇನು! ಮಾವಳ್ಳಿಪುರದವರನ್ನು ಕೇಳಿ. ಅಲ್ಲಿ 2012ರಲ್ಲಿ ನಗರದ ಕಸ ಸುರಿಯುವುದು ನಿಂತಿತು, ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನವರು ಬೀದಿಗಿಳಿದರು. ಆಮೇಲೆ ಬೆಳ್ಳಹಳ್ಳಿ, ಆಮೇಲೆ ಮಿಟ್ಟಗಾನಹಳ್ಳಿ. ಊರು ಬದಲಾಯಿತು, ಕಸ ಅದೇ. ಮನೆಯಲ್ಲೇ ಬೇರೆ ಮಾಡುವುದು ಕಡ್ಡಾಯ ಅಂತ ಹೈಕೋರ್ಟ್ ಹೇಳಿದ್ದೂ 2012ರಲ್ಲೇ. ಕಸ ಕೊಳೆತು ಇಳಿಯುವ ಕಪ್ಪು ನೀರು ಬೋರ್‌ವೆಲ್ ಸೇರಿದರೆ ಅನುಭವಿಸುವವರು ಆ ಹಳ್ಳಿಯವರು. ಅದೇ ನೀರು ಕಸ ಅದುಮಿ ಒಯ್ಯುವ ಕಾಂಪ್ಯಾಕ್ಟರ್ ಲಾರಿಯಿಂದ ನಮ್ಮ ರಸ್ತೆಗೆ ಸೋರಿ, ಹಂಪ್ ಹತ್ತಿರ ಒಂದು ಸ್ಕೂಟರ್ ಜಾರಿದಾಗ ಮಾತ್ರ ನಮ್ಮ ಏರಿಯಾ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ.

ಈಗ 2026ರ ಏಪ್ರಿಲ್ 1ರಿಂದ ಹೊಸ ನಿಯಮ. ಮೂರು ಹೋಗಿ ನಾಲ್ಕು ಬಗೆ. ಹಸಿ, ಒಣ, ಡೈಪರ್‌ನಂಥ ಸ್ಯಾನಿಟರಿ ಕಸ, ಜೊತೆಗೆ ಬಲ್ಬು, ಪೇಂಟ್ ಡಬ್ಬ, ಔಷಧಿಯಂಥವು ಬೇರೆ. ಸರಿ, ಅಡುಗೆಮನೆಯಲ್ಲಿ ಇನ್ನೊಂದು ಬುಟ್ಟಿಗೆ ಹೇಗೋ ಜಾಗ ಮಾಡೋಣ. ಬೇರೆ ಮಾಡದ ಕಸವನ್ನು ಲ್ಯಾಂಡ್‌ಫಿಲ್‌ಗೆ ಕಳಿಸಿದರೆ ಸ್ಥಳೀಯ ಸಂಸ್ಥೆಗಳೇ ಜಾಸ್ತಿ ಶುಲ್ಕ ಕಟ್ಟಬೇಕು ಅಂತಲೂ ಅದರಲ್ಲಿದೆ. ಓದಿ ಖುಷಿಪಟ್ಟೆ. ಆದರೆ ಅವರು ಕಟ್ಟುವ ದುಡ್ಡು ಯಾರದ್ದು? ನಮ್ಮದೇ ಅಲ್ವಾ? 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದೇವೆ, ಮನೆ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400ರ ತನಕ. ನಾನು ಬೇರೆ ಮಾಡಿ ಕೊಟ್ಟದ್ದನ್ನು ಅವರು ಬೆರೆಸಿ, ಅದರ ದಂಡವೂ ನನ್ನ ಬಿಲ್ಲಿಗೇ ಬರುವುದಾದರೆ ಇದ್ಯಾವ ನ್ಯಾಯ? ಮೊದಲು ಗಾಡಿಗೆ ನಾಲ್ಕು ಖಾನೆ ಮಾಡಿಸಿ ಸ್ವಾಮಿ. ಆಮೇಲೆ ನಮ್ಮ ಬುಟ್ಟಿ ನೋಡೋಕೆ ಬನ್ನಿ.