ಹಳೇ ಕಂಪೈಲರ್‌ಗೆ ವಾಪಸ್ ಹೋದರೆ ಬಗ್ ಹೋಯ್ತಾ?

ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ಪ್ರೋಗ್ರಾಂ ಆಗಿ ಬದಲಿಸುವ ಸಾಧನ) ಅಪ್‌ಗ್ರೇಡ್ ಆಯಿತು, ಪ್ರೋಗ್ರಾಂ ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್ ಆಗತೊಡಗಿತು ಅಂದರೆ ಮೀಟಿಂಗ್‌ನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: "ಹಳೇ ವರ್ಷನ್‌ಗೇ ವಾಪಸ್ ಹೋಗೋಣ." ನನಗಂತೂ ಮೈ ಉರಿಯುತ್ತದೆ. ರಿಲೀಸ್ ತಲೆ ಮೇಲೆ ಕೂತಿದ್ದರೆ ಹೋಗಿ, ತಪ್ಪಿಲ್ಲ. ಆದರೆ ಅದನ್ನೇ ಫಿಕ್ಸ್ ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಬೇಡಿ. ಬಗ್ ಬಹಳ ಸಲ ನಮ್ಮ ಕೋಡ್‌ನಲ್ಲೇ ಇರುತ್ತದೆ, ಹೊಸ ಕಂಪೈಲರ್ ಅದನ್ನು ಹೊರಗೆ ತರುತ್ತದೆ ಅಷ್ಟೇ.

2016ರಲ್ಲಿ ಜಿಸಿಸಿ ಅನ್ನೋ ಕಂಪೈಲರ್‌ನ 6ನೇ ವರ್ಷನ್ ಬಂದಾಗ ಏನಾಯಿತು ನೋಡಿ. ಸಿ ಪ್ಲಸ್ ಪ್ಲಸ್ ನಿಯಮದ ಪ್ರಕಾರ ಮೆಂಬರ್ ಫಂಕ್ಷನ್ ಒಳಗೆ 'ದಿಸ್' ಪಾಯಿಂಟರ್ (ಫಂಕ್ಷನ್ ಯಾವ ಆಬ್ಜೆಕ್ಟ್ ಮೇಲೆ ಓಡುತ್ತಿದೆಯೋ ಅದರ ವಿಳಾಸ) ನಲ್, ಅಂದರೆ ಖಾಲಿ, ಆಗಿರುವಂತಿಲ್ಲ. ಆದರೂ "ದಿಸ್ ನಲ್ ಇದ್ದರೆ ಸುಮ್ನೆ ವಾಪಸ್ ಬಾ" ಅಂತ ಚೆಕ್ ಬರೆದವರು ಬೇಕಾದಷ್ಟು ಜನ. ಹೊಸ ಕಂಪೈಲರ್ ಆ ಚೆಕ್ಕನ್ನೇ ಕಿತ್ತು ಹಾಕಿತು. ಕ್ಯೂಟಿ 5 (ಆ್ಯಪ್ ಕಟ್ಟುವ ಲೈಬ್ರರಿ), ಕ್ರೋಮಿಯಂ (ಬ್ರೌಸರ್) ನಂಥ ಕೋಡ್‌ಗಳಿಗೇ ಏಟು ಬಿತ್ತು. ಜಿಸಿಸಿಯವರು ರಿಲೀಸ್ ನೋಟ್ಸ್‌ನಲ್ಲೇ ಅವುಗಳ ಹೆಸರು ಹಾಕಿದ್ದರು!

2018ರ ಜಿಸಿಸಿ 8ರದ್ದು ಇನ್ನೊಂದು ಕಥೆ. ಸಿ ಪ್ಲಸ್ ಪ್ಲಸ್‌ನಲ್ಲಿ ವ್ಯಾಲ್ಯೂ ಕೊಡಬೇಕಾದ ಫಂಕ್ಷನ್‌ನಲ್ಲಿ ರಿಟರ್ನ್ ಮರೆತಿದ್ದರೆ, ಆಪ್ಟಿಮೈಸೇಶನ್ (ಪ್ರೋಗ್ರಾಂ ವೇಗವಾಗಿ ಓಡಲು ಕಂಪೈಲರ್ ಮಾಡುವ ಬದಲಾವಣೆ) ಆನ್ ಇದ್ದಾಗ ಅದು ಕೊನೆಯಲ್ಲಿ ನಿಲ್ಲದೆ ಪಕ್ಕದ ಫಂಕ್ಷನ್‌ಗೇ ನುಗ್ಗಬಹುದು. ಇದಕ್ಕೆ ವಾರ್ನಿಂಗ್ ತಾನಾಗಿಯೇ ಬರುತ್ತದೆ. ಓದುವವರು ಯಾರು ಅಲ್ವಾ?

ಆಗಾಗ ಮಾತ್ರ ಬೀಳುವ ಕ್ರ್ಯಾಶ್‌ಗೆ ಕಾರಣ ಬಹಳ ಸಲ ಇನಿಷಿಯಲೈಸ್ ಮಾಡದ, ಅಂದರೆ ಮೊದಲ ಬೆಲೆ ಕೊಡದ, ವೇರಿಯಬಲ್. ಸ್ಟ್ಯಾಕ್‌ನಲ್ಲಿ (ಫಂಕ್ಷನ್‌ಗಳು ಸರದಿಯಲ್ಲಿ ಬಳಸುವ ಮೆಮರಿ) ಹಿಂದಿನ ಫಂಕ್ಷನ್ ಬಿಟ್ಟುಹೋದದ್ದೇ ಅದರೊಳಗೆ ಇರುತ್ತದೆ, ಹಳೇ ಬಾಡಿಗೆದಾರರ ಸಾಮಾನಿನ ಹಾಗೆ. ಹಳೇ ಕಂಪೈಲರ್ ಕೊಟ್ಟ ಜಾಗದಲ್ಲಿ ಅದೃಷ್ಟಕ್ಕೆ ಸೊನ್ನೆ ಇತ್ತು. ಹೊಸದು ಜಾಗ ಬದಲಿಸಿತು, ಅಷ್ಟೇ. ಅಡ್ರೆಸ್ ಸ್ಯಾನಿಟೈಸರ್ (ಪ್ರೋಗ್ರಾಂ ಓಡುವಾಗ ಮೆಮರಿ ತಪ್ಪು ಹಿಡಿಯುವ ಟೂಲ್) ಹಾಕಿ "ಏನೂ ಸಿಗಲಿಲ್ಲ" ಅನ್ನುವವರೇ ಜಾಸ್ತಿ. ಅದು ಇದನ್ನು ಹಿಡಿಯುವುದೇ ಇಲ್ಲ! ಇದಕ್ಕೆ ವ್ಯಾಲ್‌ಗ್ರಿಂಡ್ ಅನ್ನೋ ಟೂಲ್ ಅಥವಾ ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್‌ನ ಮೆಮರಿ ಸ್ಯಾನಿಟೈಸರ್ ಬೇಕು. ಥ್ರೆಡ್‌ಗಳ (ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ಓಡುವ ಕೆಲಸಗಳು) ಜಗಳವಾದರೆ ಥ್ರೆಡ್ ಸ್ಯಾನಿಟೈಸರ್.

ಅದರಲ್ಲೂ ಸಿಗದಿದ್ದರೆ ಅರ್ಧ ಫೈಲ್‌ಗಳನ್ನು ಹಳೇದರಲ್ಲಿ, ಇನ್ನರ್ಧ ಹೊಸದರಲ್ಲಿ ಕಂಪೈಲ್ ಮಾಡಿ ಲಿಂಕ್ ಮಾಡಿ. ಕ್ರ್ಯಾಶ್ ಯಾವ ಅರ್ಧದ ಬೆನ್ನು ಹತ್ತುತ್ತದೋ ಅದನ್ನು ಮತ್ತೆ ಅರ್ಧ ಮಾಡಿ. ಕೊನೆಗೆ ಒಂದೇ ಫೈಲ್ ಉಳಿಯುತ್ತದೆ. ಆದರೆ ಪ್ರತಿ ಸಲವೂ ಟೆಸ್ಟ್ ಸಾಕಷ್ಟು ಹೊತ್ತು ಓಡಲಿ. ಒಂದು ಸಲ ಪಾಸ್ ಆಯಿತು ಅಂತ ನಂಬಿದರೆ ತಪ್ಪು ದಾರಿ ಹಿಡಿಯುತ್ತೀರಿ.

ಕಂಪೈಲರ್‌ನಲ್ಲೂ ಬಗ್ ಇರುತ್ತವೆ, ಇಲ್ಲ ಅನ್ನೋಲ್ಲ. ಆದರೆ ಜಿಸಿಸಿಗೆ ದೂರು ಕೊಡಲು ಹೋದರೆ ಅವರು ಮೊದಲು ಹೇಳುವುದೇ ವಾರ್ನಿಂಗ್‌ಗಳನ್ನೆಲ್ಲ ಆನ್ ಮಾಡಿ ನೋಡಿ ಅಂತ. ಆಮೇಲೆ ಸ್ಟ್ರಿಕ್ಟ್ ಅಲಿಯಾಸಿಂಗ್ (ಬೇರೆ ಬೇರೆ ಟೈಪಿನ ಪಾಯಿಂಟರ್‌ಗಳು ಒಂದೇ ಜಾಗವನ್ನು ತೋರಿಸುವುದಿಲ್ಲ ಅನ್ನೋ ಕಂಪೈಲರ್‌ನ ಊಹೆ) ಆಫ್ ಮಾಡಿ ನೋಡಿ ಅನ್ನುತ್ತಾರೆ. ಅದರಿಂದ ವ್ಯತ್ಯಾಸ ಕಂಡರೆ ತಪ್ಪು ಬಹುಶಃ ನಿಮ್ಮ ಕೋಡ್‌ನದ್ದೇ ಅಂತ ಅವರೇ ಬರೆದಿಟ್ಟಿದ್ದಾರೆ.