ಹೊಳೆಯ ಪಾಲನ್ನು ಎಲ್ಲಿ ಬರೆದಿಟ್ಟಿದ್ದೀರಿ ಸ್ವಾಮೀ?

ಇವತ್ತು ಬೆಳಿಗ್ಗೆ ಅಂತರ್ಜಲ ಹಂಚಿಕೆಯ ಇನ್ನೊಂದು ಕರಡು ಓದಿ ತಲೆ ಕೆಟ್ಟಿತು. ನಲವತ್ತು ಪುಟ, ಬಣ್ಣಬಣ್ಣದ ನಕ್ಷೆ, ಕೊನೆಗೆ ತೀರ್ಪು ಒಂದೇ ಸಾಲು: ವರ್ಷಕ್ಕೆ ಇಂಗುವ ನೀರಿನಲ್ಲಿ ಶೇ. 70 ಎತ್ತಬಹುದು, ಮಿಕ್ಕ ಶೇ. 30 ಹೊಳೆಗೆ. ಮುಗೀತು! ನನ್ನ ಈ ಗೋಳು ಹಳಬರಿಗೆ ಬಾಯಿಪಾಠ ಆಗಿದೆ, ಸಹಿಸಿಕೊಳ್ಳಿ.

ಇಂಗಿದ ನೀರು ನೆಲದಡಿ ಯಾರಿಗೂ ಬೇಡವಾಗಿ ಬಿದ್ದಿರುವುದಿಲ್ಲ. 100 ಚದರ ಕಿ.ಮೀ. ಜಲಾನಯನದಲ್ಲಿ ವರ್ಷಕ್ಕೆ 60 ಮಿ.ಮೀ. ಇಂಗುತ್ತದೆ ಎನ್ನಿ. ಅಲ್ಲಿಗೆ 60 ಲಕ್ಷ ಘನ ಮೀಟರ್. ಬೋರ್‌ವೆಲ್ ಇಲ್ಲದ ಕಾಲದಲ್ಲಿ ಇದೆಲ್ಲ ಎಲ್ಲಿಗೆ ಹೋಗುತ್ತಿತ್ತು? ಒರತೆಯಾಗಿ ಹೊಳೆಗೆ, ಆಳಕ್ಕೆ ಬೇರಿಳಿಸಿದ ಮರಗಳಿಗೆ, ಒಂದಿಷ್ಟು ಗಡಿ ದಾಟಿ ಕೆಳಗಿನ ಸೀಮೆಗೆ. ಅಷ್ಟೂ ಹೊಳೆಗೇ ಬಂತೆಂದರೂ ಸೆಕೆಂಡಿಗೆ ಸರಾಸರಿ 190 ಲೀಟರ್. ಶೇ. 70 ಎಂದರೆ 42 ಲಕ್ಷ ಘನ ಮೀಟರ್. ಸೆಕೆಂಡಿಗೆ 5 ಲೀಟರ್ ಎತ್ತುವ ಮೋಟರು ದಿನಕ್ಕೆ 6 ಗಂಟೆಯಂತೆ 120 ದಿನ ಓಡಿದರೆ 12,960 ಘನ ಮೀಟರ್. ಅಂಥ 324 ಬೋರುಗಳಿಗೆ ಕೋಟಾ ಖಾಲಿ. ಹೊಳೆಗೆ ಉಳಿಯುವುದು 57 ಲೀಟರ್, ಅದೂ ವರ್ಷದ ಸರಾಸರಿ. ಕಡುಬೇಸಿಗೆಯಲ್ಲಿ ಎಷ್ಟಿರುತ್ತದೆ ಅಂತ ಕರಡು ಬರೆದವರು ಒಮ್ಮೆ ಹೊಳೆಗಿಳಿದು ನೋಡಲಿ.

ಇದೇನು ಹೊಸ ವಿದ್ಯೆಯಲ್ಲ. ಬಾವಿ ಎತ್ತುವ ನೀರು ಮೂರೇ ಕಡೆಯಿಂದ ಬರಬೇಕು: ಸಂಗ್ರಹ ಕರಗಬೇಕು, ಹೊಳೆಗೋ ಮರಕ್ಕೋ ಹೋಗುತ್ತಿದ್ದದ್ದು ನಿಲ್ಲಬೇಕು, ಇಲ್ಲವೇ ಇಂಗುವುದು ಹೆಚ್ಚಬೇಕು. ಥೈಸ್ ಎಂಬ ಜಲವಿಜ್ಞಾನಿ 1940ರಲ್ಲೇ ಹೇಳಿದ್ದು. ನಾಲ್ಕನೆಯ ಖಾತೆ ಇಲ್ಲ. ಒಪ್ಪಿಕೊಳ್ಳುತ್ತೇನೆ, ಈ ಶೇ. 70ರ ಲೆಕ್ಕವನ್ನು ನಾನೂ ಒಂದು ಕಾಲಕ್ಕೆ ಕಣ್ಣುಮುಚ್ಚಿ ನಂಬಿದ್ದೆ.

ಇನ್ನು ಆ 60 ಮಿ.ಮೀ. ತಾನೇ ಎಷ್ಟು ಗಟ್ಟಿ? ಮಳೆಗಾಲದಲ್ಲಿ ನೀರಿನ ಮಟ್ಟ 4 ಮೀಟರ್ ಏರಿತು, ಅದನ್ನು ನಿರ್ದಿಷ್ಟ ಇಳುವರಿ, ಅಂದರೆ ಬಂಡೆಯ ಗಾತ್ರದಲ್ಲಿ ಬಸಿದು ಬರುವ ನೀರಿನ ಪಾಲು, ಶೇ. 1.5ರಿಂದ ಗುಣಿಸು, ಬಂತು 60. ಗಟ್ಟಿ ಬಂಡೆಯ ಸೀಮೆಯಲ್ಲಿ ಆ ಇಳುವರಿ ಶೇ. 1 ಆದರೆ 40 ಮಿ.ಮೀ., ಶೇ. 2 ಆದರೆ 80. ಅರ್ಧ ಶೇಕಡಾ ಆಚೀಚೆಯಾದರೆ 20 ಲಕ್ಷ ಘನ ಮೀಟರ್ ಹುಟ್ಟುತ್ತದೆ ಇಲ್ಲವೇ ಸಾಯುತ್ತದೆ. ಮಟ್ಟ ಅಳೆಯುವುದಾದರೂ ಸರಿಯಿದೆಯೇ? ಒಂದು ಗಂಟೆ ಹಿಂದೆ ಮೋಟರು ನಿಲ್ಲಿಸಿದ ಬೋರಿಗೆ ಟೇಪು ಇಳಿಸಿದರೆ ಸಿಗುವುದು ಪಂಪು ತೋಡಿದ ಗುಂಡಿಯ ಆಳ, ಅಂತರ್ಜಲದ ಮಟ್ಟವಲ್ಲ. ಕನಿಷ್ಠ ಒಂದು ರಾತ್ರಿ ಅದೂ ಸುಮ್ಮನಿರಬೇಕು, ಪಕ್ಕದವರದ್ದೂ ಸುಮ್ಮನಿರಬೇಕು. ಅಳತೆಗೆಂದೇ ಮೋಟರಿಲ್ಲದ ಬೋರು ಮೀಸಲಿಟ್ಟರೆ ಈ ತಲೆನೋವೇ ಇಲ್ಲ.

ನನ್ನ ನಿಜವಾದ ಸಿಟ್ಟು ದೂರದ ಬಗ್ಗೆ. ಇಳುವರಿ ಶೇ. 2, ಬಂಡೆ ನೀರು ಸಾಗಿಸುವ ಸಾಮರ್ಥ್ಯ, ಅಂದರೆ ಟ್ರಾನ್ಸ್‌ಮಿಸಿವಿಟಿ, ದಿನಕ್ಕೆ 50 ಚದರ ಮೀಟರ್ ಇರುವ ಕಡೆ 90 ದಿನ ಬಿಡದೆ ಪಂಪು ಹೊಡೆಯಿರಿ. ಹೊಳೆಯಿಂದ 100 ಮೀಟರ್ ದೂರದ ಬೋರು 90ನೇ ದಿನ ಎತ್ತುವ ನೀರಿನಲ್ಲಿ ಸುಮಾರು ಶೇ. 88 ಹೊಳೆಯದ್ದೇ. 500 ಮೀಟರಿನಲ್ಲಿ ಶೇ. 46. ಎರಡು ಕಿ.ಮೀ. ಆಚೆ ಶೇ. 1ಕ್ಕೂ ಕಡಿಮೆ. (ಹೊಳೆಯ ತಳದಲ್ಲಿ ಹೂಳು ಕಟ್ಟಿದ್ದರೆ ಹತ್ತಿರದ ಅಂಕಿಗಳು ತಗ್ಗುತ್ತವೆ.) ದೂರದವರು ಹಿಗ್ಗಬೇಡಿ, ನಿಮ್ಮ ಸಾಲ ಮನ್ನಾ ಆಗಿಲ್ಲ, ಬಾಕಿ ಇದೆ ಅಷ್ಟೆ, ಮೋಟರು ನಿಂತ ಮೇಲೂ ವರ್ಷಗಟ್ಟಲೆ ಹೊಳೆ ಕಂತು ಕಟ್ಟುತ್ತಲೇ ಇರುತ್ತದೆ. ಅದಕ್ಕೇ ದಡದ ಬೋರು ಮುಚ್ಚಿಸಿ ಎರಡು ಕಿ.ಮೀ. ಆಚೆ ಕೊರೆಸಿ "ಹೊಳೆ ಉಳಿಸಿದೆವು" ಅಂತ ಫೋಟೊ ಹಾಕುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

"ರೈತರಿಗೆ ಅರ್ಥವಾಗಬೇಕಲ್ಲ, ಎಲ್ಲರಿಗೂ ಒಂದೇ ಮಿತಿ ಇದ್ದರೆ ನ್ಯಾಯ" ಎನ್ನುತ್ತಾರೆ ಕರಡಿನವರು. ಹೌದಾ? ದಡದ ಬೋರು ಯಾವಾಗ ಹೊಳೆ ಹೀರುತ್ತದೆ ಅಂತ ರೈತರಿಗೆ ನಿಮಗಿಂತ ಮೊದಲೇ ಗೊತ್ತು. ಸರಳ ಬೇಕಿರುವುದು ಗುಮಾಸ್ತರಿಗೆ.

ಇನ್ನೊಂದು ಜಾಣತನ, ಬಳಸದ ಪಾಲನ್ನು ಮುಂದಿನ ವರ್ಷಕ್ಕೆ ಒಯ್ಯುವ ಸೌಲಭ್ಯ. ತೆಳು ಬಂಡೆಪದರದಲ್ಲಿ ಈ ವರ್ಷ ಎತ್ತದ ನೀರು ಬಹುಪಾಲು ಆಗಲೇ ಹೊಳೆಗೆ ಇಳಿದು ಹೋಗಿರುತ್ತದೆ. ಹೋದ ನೀರನ್ನೇ ಮತ್ತೆ ಹಂಚುತ್ತೀರಿ.

ಎತ್ತಿದ ನೀರು ಅಳೆಯುವ ಮೀಟರು? ಬೋರಿನ ಬಾಯಲ್ಲಿ ಪೈಪು ಬಾಗುವ ಕಡೆಯೇ ರೆಕ್ಕೆ ತಿರುಗುವ ಮೀಟರು ಕೂರಿಸಿರುತ್ತಾರೆ. ನೀರು ಮೀಟರಿಗೆ ಬರುವ ಕಡೆ ಪೈಪಿನ ವ್ಯಾಸದ ಹತ್ತು ಪಟ್ಟು, ದಾಟಿ ಹೋಗುವ ಕಡೆ ಐದು ಪಟ್ಟು ನೇರ ಪೈಪು ಬೇಕು. ಮೂರಿಂಚು ಪೈಪಿಗೆ 30 ಮತ್ತು 15 ಇಂಚು. ನೀರಿನ ಜೊತೆ ಗಾಳಿ ಬಂದರೆ ಮುಳ್ಳು ಸುಮ್ಮನೆ ಓಡುತ್ತದೆ, ಮರಳು ಬಂದರೆ ರೆಕ್ಕೆ ಸವೆದು ನಿಧಾನವಾಗುತ್ತದೆ. ಕರೆಂಟಿನ ಯೂನಿಟ್‌ನಿಂದಲೂ ಲೆಕ್ಕ ಹಾಕಬಹುದು: ಶೇ. 40 ದಕ್ಷತೆಯಲ್ಲಿ ಒಂದು ಘನ ಮೀಟರನ್ನು 100 ಮೀಟರ್ ಎತ್ತಲು ಸುಮಾರು 0.68 ಯೂನಿಟ್. ಮಟ್ಟ ಇಳಿದಂತೆ ಇದು ಏರುತ್ತದೆ, ಹಾಗಾಗಿ ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಡ್ರಮ್ಮು ತುಂಬಿಸಿ, ಯೂನಿಟ್ಟಿಗೆ ಎಷ್ಟು ನೀರು ಅಂತ ಹೊಂದಿಸಲೇಬೇಕು.

ಮಿತಿಯನ್ನು ನೀರಿನ ಮಟ್ಟಕ್ಕೆ ಕಟ್ಟಿ ಅಂತ ಬಾಯಿ ನೋಯುವಷ್ಟು ಹೇಳಿದ್ದೇನೆ. ಅಮೆರಿಕದ ಟೆಕ್ಸಾಸ್‌ನ ಎಡ್ವರ್ಡ್ಸ್ ಜಲಪದರದಲ್ಲಿ ವಾರ್ಷಿಕ ಮಿತಿ 5,72,000 ಎಕರೆ-ಅಡಿ (ಒಂದು ಎಕರೆ-ಅಡಿ ಎಂದರೆ ಒಂದು ಎಕರೆಯ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು) ಇದೆ, ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಸ್ಯಾನ್ ಆಂಟೋನಿಯೊ ಭಾಗದಲ್ಲಿ ಜೆ-17 ಎಂಬ ಒಂದು ಬಾವಿಯ ಮಟ್ಟ ಸಮುದ್ರಮಟ್ಟದಿಂದ 660 ಅಡಿಗಿಂತ ಇಳಿದರೆ ಪರವಾನಗಿದಾರರ ಪಾಲಿಗೆ ಶೇ. 20 ಕತ್ತರಿ, 630ಕ್ಕಿಂತ ಇಳಿದರೆ ಶೇ. 40. ಅಲ್ಲಿ ಬುಗ್ಗೆಗಳ ಹರಿವೂ ಲೆಕ್ಕಕ್ಕೆ ಬರುತ್ತದೆ. ಗಟ್ಟಿ ಬಂಡೆಯಲ್ಲಿ ಒಂದು ಬಾವಿ ಸಾಲದು, ಹತ್ತಾರು ಬೇಕು, ದಡದ ಬೋರುಗಳಿಗೊಂದು ಮಿತಿಪಟ್ಟಿ, ದೂರದವಕ್ಕೊಂದು ಮಿತಿಪಟ್ಟಿ ಬೇಕು. ಕೆಲಸ ಜಾಸ್ತಿ, ಗೊತ್ತು.

ಕರಡನ್ನು ಈಗ ಮತ್ತೊಮ್ಮೆ ತೆರೆದೆ. ಅನುಬಂಧದ ಬೋರು ಪಟ್ಟಿಯಲ್ಲಿ ಮಾಲೀಕರ ಹೆಸರಿದೆ, ಸರ್ವೆ ನಂಬರಿದೆ, ಆಳವಿದೆ, ಮೋಟರಿನ ಎಚ್‌ಪಿ ಇದೆ, ಕೇಸಿಂಗ್ ಪೈಪಿನ ಉದ್ದವೂ ಇದೆ. ಹೊಳೆಯಿಂದ ಎಷ್ಟು ದೂರ ಎಂಬ ಕಾಲಮ್ಮೇ ಇಲ್ಲ.